ಎಲ್ಲಿಗೆ ಎಂದು ಕೇಳಬಾರದು

ನಾನು ಪದವಿ ಮುಗಿಸುವುದು ಆಗಹೋಗುವ ಮಾತಲ್ಲ ಎಂದವರು ನನ್ನ ಸೋದರಮಾವ. ಹೊಟ್ಟೆಕಿಚ್ಚಿನಿಂದ ಹೇಳಿದ್ದಲ್ಲ. ಭಟ್ಕಳದ ಹತ್ತಿರದ ನಮ್ಮ ಮುಟ್ಟಳ್ಳಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಅವರು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೀರಿಲ್ಲ ಎನ್ನುವಷ್ಟೇ ನಿರ್ವಿಕಾರವಾಗಿ ಹೇಳಿದ್ದರು: "ನಮ್ಮ ಮನೆಯಲ್ಲಿ ಡಿಗ್ರಿ ಬರೂದು ಜ್ವರ ಬಂದಾಗ ಮಾತ್ರ ತಂಗಿ. ಅದೂ ನೂರಾ ಎರಡರ ಮೇಲೆ ಹೋದ್ದಿಲ್ಲ." ಈ ಮಾತು ಅವರಿಗೇ ಬಹಳ ಹಿಡಿಸಿಬಿಟ್ಟು, ಮದುವೆಮನೆಯ ಊಟದ ಪಂಕ್ತಿಗಳಲ್ಲೆಲ್ಲ ಬಡಿಸತೊಡಗಿದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಲ್ಲು ಕಚ್ಚಿಕೊಂಡು ನಗುವುದು ಸುಲಭವಲ್ಲ, ಬೇಕಿದ್ದರೆ ಪ್ರಯತ್ನಿಸಿ ನೋಡಿ.

ಅಂತೂ ಹೊನ್ನಾವರದ ಹಾಸ್ಟೆಲಿನ ಸಾರು ಕುಡಿದು ಪಾಸಾದೆ. ಕುಮಟೆಯ ಒಂದು ಸೊಸೈಟಿಯಲ್ಲಿ ಕೆಲಸವೂ ಸಿಗುವಂತಾಯಿತು. ಸೋಮವಾರ ಬೆಳಿಗ್ಗೆ ಅಸಲು ಪ್ರಮಾಣಪತ್ರ ತಂದರೆ ಕೆಲಸ ನನಗೆ, ಇಲ್ಲದಿದ್ದರೆ ನನ್ನ ನಂತರದವರಿಗೆ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಪ್ರಮಾಣಪತ್ರ ಕಾಲೇಜಿಗೆ ಬಂದಿದೆ ಎಂದು ಗೊತ್ತಾದದ್ದು ಶುಕ್ರವಾರ ಸಂಜೆ. ಶನಿವಾರ ಕಾಲೇಜಿನ ಆಫೀಸು ಮಧ್ಯಾಹ್ನದವರೆಗೆ ಮಾತ್ರ. ಬೆಳಿಗ್ಗೆ ಬೇಗ ಹೊರಟರಾಯಿತು ಎಂದುಕೊಂಡಿದ್ದೆ. ಆದರೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾವೂ ಬರುವುದಾಗಿ ಅಂಗಳದಲ್ಲಿ ನಿಂತಿದ್ದರು.

ಶುಭಕಾರ್ಯಕ್ಕೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೇಳಲೇಬೇಕೆಂದಿದ್ದರೆ "ದೂರ ಹೊರಟದ್ದಾ?" ಎನ್ನಬೇಕು. ತಪ್ಪಿ ಕೇಳಿಬಿಟ್ಟರೆ ಹೊರಟವರು ಹಿಂದೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಈ ನಿಯಮವನ್ನು ಎಲ್ಲರೂ ಒಪ್ಪುತ್ತಾರೆ, ಇಸ್ತ್ರಿ ಅಂಗಿ ಕಂಡಕೂಡಲೇ ಎಲ್ಲರೂ ಮರೆಯುತ್ತಾರೆ. ತೋಡಿನ ನೀರು ದಾಟುವ ಸಂಕದ ಹತ್ತಿರ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಅಕ್ಕ ಕೇಳಿದರು. ಹಿಂದೆ ಬಂದೆವು, ನೀರು ಕುಡಿದೆವು. ಎರಡನೇ ಸಲ ಅದೇ ಅಕ್ಕ, ಈಗಷ್ಟೇ ಹೋದವರು ಮತ್ತೆ ಎಲ್ಲಿಗೆ ಎಂದು ಕಾಳಜಿಯಿಂದಲೇ ಕೇಳಿದರು. ಮತ್ತೆ ನೀರು. ಮೂರನೇ ಸಲ ಸಂಕ ಬಿಟ್ಟು ಗದ್ದೆಯ ಅಂಚಿನ ಮೇಲೆ ಕಳ್ಳರ ಹಾಗೆ ನಡೆದು ರಸ್ತೆ ಮುಟ್ಟುವಾಗ ಬಸ್ಸು ಹೋಗಿತ್ತು.

ಮುಂದಿನ ಬಸ್ಸಿಗೆ ಕಾಯುವಾಗ, ಪದವೀಧರೆಯಾದ ನಾನು ಮಾವನಿಗೆ ಮೂಢನಂಬಿಕೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಪರೀಕ್ಷೆಗೆ ಓದಿದ್ದು ಅಷ್ಟು ಬೇಗ ಉಪಯೋಗಕ್ಕೆ ಬಂತಲ್ಲ ಎಂದು ನನಗೇ ಹೆಮ್ಮೆಯಾಯಿತು. ಮಾವ ಪೂರ್ತಿ ಕೇಳಿಸಿಕೊಂಡು, "ಆತು" ಎಂದರು. ಅಷ್ಟರಲ್ಲಿ ಹತ್ತಿರದ ಜಾಲಿ ಊರಿನ ಅಂಗಡಿಯವರೊಬ್ಬರು ಬೈಕ್ ನಿಲ್ಲಿಸಿದರು. ಅವರು ಬಾಯಿ ತೆರೆಯುವ ಮೊದಲೇ ಮಾವ, ಹೊನ್ನಾವರಕ್ಕೆ, ಮೀನು ತರಲಿಕ್ಕೆ ಎಂದುಬಿಟ್ಟರು. ಮನೆಬಾಗಿಲಲ್ಲೇ ಮೀನು ಸಿಗುವ ಭಟ್ಕಳದವನು ಹೊನ್ನಾವರದಿಂದ ಮೀನು ತರುತ್ತಾನೆಂದರೆ ಯಾರು ನಂಬುತ್ತಾರೆ? ಅವರು ಮಾವನ ಅಂಗಿ ನೋಡಿದರು, ನನ್ನನ್ನು ನೋಡಿದರು. ಗಂಡಿನ ಮನೆ ನೋಡಲು ಹೊರಟಿದ್ದಾರೆಂದು ತಿಳಿದು, ಒಳ್ಳೆಯದಾಗಲಿ ಎಂದು ಹರಸಿ ಹೋದರು. ಬಸ್ಸಿನಲ್ಲಿ ಕಂಡಕ್ಟರು ಕೇಳುವುದೇ ಆ ಪ್ರಶ್ನೆಯನ್ನು. ಮಾವ ಅದಕ್ಕೂ ತಯಾರಾಗಿದ್ದರು. ಅವನು ಇನ್ನೂ ಮುಂದಿನ ಸೀಟಿನ ಹತ್ತಿರ ಇರುವಾಗಲೇ ಕೂಗಿದರು: "ಹೊನ್ನಾವರ ಒಂದು, ಪುಕ್ಕಟೆ ಒಂದು." ಪುಕ್ಕಟೆ ಎಂದರೆ ನಾನು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ.

ಶರಾವತಿ ಸೇತುವೆ ಬಂದಾಗ ಮಾವ ಕೈಮುಗಿದರು. ನನಗೆ ಆ ಹೊಳೆಯ ಮೇಲೆ ಸ್ವಲ್ಪ ಹಳೇ ಸಿಟ್ಟಿದೆ. ಗೇರುಸೊಪ್ಪೆಯಲ್ಲಿ ಊರಿಗೆಲ್ಲ ಕರೆಂಟು ಕೊಟ್ಟು ಬರುವ ಹೊಳೆ, ನನ್ನ ಪರೀಕ್ಷೆಯ ಮುನ್ನಾದಿನ ಮಾತ್ರ ನಮ್ಮ ಹಾಸ್ಟೆಲ್ಲನ್ನು ಮರೆಯುತ್ತಿತ್ತು. ಆದರೂ ಆ ದಿನ ನಾನೂ ಕೈ ಜೋಡಿಸಿದೆ. ಮಾವ ನೋಡಿದಾಗ ತಲೆಗೂದಲು ಸರಿಮಾಡಿಕೊಂಡೆ.

ಕಾಲೇಜಿನ ಗೇಟು ಮುಟ್ಟುವಾಗ ಆಫೀಸಿನ ಒಂದೊಂದೇ ಕಿಟಕಿ ಮುಚ್ಚುತ್ತಿತ್ತು. ನಾನು ಓಡಿದೆ. ಗೇಟಿನಲ್ಲಿ ಕೂತಿದ್ದ ಹೊಸ ಕಾವಲುಗಾರ ತನ್ನ ಕರ್ತವ್ಯ ಮಾಡಿದ.

"ಎಲ್ಲಿಗೆ?"

ಮಾವ ನಿಂತರು. ಆದರೆ ಈ ಸಲ ಹಿಂದೆ ತಿರುಗಲಿಲ್ಲ. ಉಪನ್ಯಾಸ ಕೇಳಿದವರಲ್ಲವೇ, ನನ್ನ ಮುಖ ನೋಡಿದರು. ನಾನು ಆಫೀಸಿನ ಕಿಟಕಿ ನೋಡಿದೆ. ಕುಮಟೆಯ ಕುರ್ಚಿಯ ಮೇಲೆ ಬೇರೆ ಯಾರೋ ಕೂತಿರುವುದು ಕಣ್ಣಿಗೆ ಕಟ್ಟಿತು. ಮೂರು ವರ್ಷ ಕಲಿತದ್ದನ್ನೆಲ್ಲ ನೆನಪಿಗೆ ತಂದುಕೊಂಡು, ರಸ್ತೆಗೆ ವಾಪಸು ಬಂದು, ಮೋರಿಯ ಕಟ್ಟೆಯ ಮೇಲೆ ಕೂತು ಚೀಲದಲ್ಲಿದ್ದ ನೀರಿನ ಬಾಟಲಿ ತೆರೆದೆ. ಮಾವ ಪಕ್ಕದಲ್ಲಿ ಕೂತು ತಮಗೂ ಸ್ವಲ್ಪ ಉಳಿಸು ಎಂದರು.

ಒಳಗೆ ಹೋದಾಗ ಗುಮಾಸ್ತೆ ಮೇಡಂ ಕಪಾಟಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ ಆಗಿತ್ತು. ಸೋಮವಾರ ಬನ್ನಿ ಎಂದರು. ನಾನು ಇಂಗ್ಲಿಷ್ ಬೆರೆಸಿ ಏನೇನೋ ವಿವರಿಸಿದೆ. ಅವರು ಗಡಿಯಾರ ನೋಡಿದರು. ಆಗ ಹಿಂದಿನಿಂದ ಮಾವ, ದಾರಿಯುದ್ದಕ್ಕೂ ಯಾರಿಗೂ ಹೇಳದ ಮಾತನ್ನು ಮೆಲ್ಲಗೆ ಹೇಳಿದರು: "ಮೇಡಂ, ನಮ್ಮ ಮನೆಗೆ ಇದು ಮೊದಲ್ನೇದು."

ಮೇಡಂ ಚೀಲ ಕೆಳಗಿಟ್ಟರು.

ಪ್ರಮಾಣಪತ್ರ ಕೈಗೆ ಬಂತು. ನನ್ನ ಹೆಸರು ಸರಿಯಿದೆಯೋ ಎಂದು ಎರಡು ಸಲ ಓದಿದೆ. ಆಮೇಲೆ, ಇಷ್ಟು ವರ್ಷ ಕಾದಿದ್ದ ಘಳಿಗೆ ಇದೇ ಎಂದು, ಕತ್ತು ನೆಟ್ಟಗೆ ಮಾಡಿ ಅದನ್ನು ಮಾವನ ಮುಂದೆ ಹಿಡಿದೆ. ಜ್ವರದ ಮಾತನ್ನು ಅವರೇ ವಾಪಸು ತೆಗೆದುಕೊಳ್ಳಬೇಕೆಂಬ ಆಸೆ. ಮಾವ ಎರಡೂ ಕೈ ಪಂಚೆಗೆ ಒರೆಸಿಕೊಂಡು ಇಸಿದುಕೊಂಡರು. ಅವರಿಗೆ ಓದಲು ಬಾರದು. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಕೈಯ ಹಿಂಬದಿಯನ್ನು ಕಾಗದದ ಮೇಲೆ ಒಂದು ಕ್ಷಣ ಇಟ್ಟರು.

"ಜ್ವರದ್ದಾದ್ರೆ ಇಳೀತದೆ ತಂಗಿ, ಇದು ಇಳೂದಲ್ಲ," ಎಂದರು. ಆಮೇಲೆ ನನ್ನ ನೆಟ್ಟಗಾದ ಕತ್ತು ನೋಡಿ ಸೇರಿಸಿದರು: "ತಲೆಗೆ ಏರದ ಹಾಂಗೆ ಮಾತ್ರ ನೋಡ್ಕೊ."