ನನ್ನ ಕಣ್ಣಿಗೆ ಇನ್ನೊಂದು ಮಳೆಗಾಲ

ತನಗೆ ಆದ ಒಳ್ಳೆಯದನ್ನು ಮನುಷ್ಯ ಊರಿಗೆಲ್ಲ ಸಾರಬಾರದು. ಇದು ನನಗೆ ತಡವಾಗಿ ಹೊಳೆಯಿತು. ಹಲವು ವರ್ಷಗಳ ಹಿಂದೆ ಲೇಸರ್ ಮಾಡಿಸಿಕೊಂಡು, ಸೋಡಾ ಬಾಟಲಿಯ ತಳದಂಥ ಕನ್ನಡಕವನ್ನು ಕಳಚಿ ಗಡಿಯ ಈಚೆಯ ನಮ್ಮೂರು ಕೊಳವಳ್ಳಿಗೆ ಬಂದವನು ಸುಮ್ಮನಿರಬೇಕಿತ್ತು. ಕಬಿನಿಯ ಆಚೆ ದಡದಲ್ಲಿ, ಅಂದರೆ ಕರ್ನಾಟಕದಲ್ಲಿ, ಮೇಯುತ್ತಿದ್ದ ಹಸುವಿನ ಬಣ್ಣವನ್ನು ಈಚೆಯಿಂದಲೇ ಹೇಳಿ ಮೆರೆದೆ. ಅಂದಿನಿಂದ ನನ್ನ ಕಣ್ಣು ಸಾರ್ವಜನಿಕ ಆಸ್ತಿ.

ನಮ್ಮ ಕಡೆ ಹೊಸ ತಳಿಯ ಮೆಣಸಿನ ಬಳ್ಳಿ ಬಂದರೆ ಯಾರೂ ತಾವಾಗಿ ನೆಡುವುದಿಲ್ಲ. ಪಕ್ಕದವನು ನೆಡಲಿ ಎಂದು ಕಾಯುತ್ತಾರೆ. ಅವನದು ಕೆಲವು ಮಳೆಗಾಲ ತಡೆದು, ಬುಡ ಕೊಳೆಯದೆ ನಿಂತರೆ ಆಮೇಲೆ ಒಂದು ಕುಡಿ ಕೇಳಲು ಬರುತ್ತಾರೆ. ಪನಮರಂ ಊರಿಗೆ ಕೊಟ್ಟ ನನ್ನ ತಂಗಿ ಸರೋಜ ಈ ಕ್ರಮವನ್ನು ನನ್ನ ಕಣ್ಣಿಗೂ ಹಚ್ಚಿದಳು. ಅವಳ ಮಗಳು ರಮ್ಯಾಗೂ ದೂರದ್ದು ಕಾಣದು. ಮಳೆಯಲ್ಲಿ ಕನ್ನಡಕ ಮಸುಕಾಗಿ, ಬೋರ್ಡು ಕಾಣದೆ, ತಪ್ಪು ಬಸ್ಸು ಹತ್ತಿ ಅತ್ತುಕೊಂಡು ಮನೆಗೆ ಬಂದವಳು ಅವಳು. ನಾನೂ ಲೇಸರ್ ಮಾಡಿಸಲಾ ಎಂದು ಕೇಳಿದಾಗಲೆಲ್ಲ ಸರೋಜಳದು ಒಂದೇ ಉತ್ತರ: "ಮಾವನ ಕಣ್ಣು ಇನ್ನೊಂದು ಮಳೆ ತಡೀಲಿ, ನೋಡಾಣ."

ಹೀಗಾಗಿ ತಂಗಿ ಬಂದಾಗಲೆಲ್ಲ "ಅಣ್ಣ, ಕಣ್ಣಿಗೆ ಕುಳಪ್ಪ, ತೊಂದ್ರೆ ಏನೂ ಇಲ್ವಲ್ಲ?" ಎಂದು ವಿಚಾರಣೆ, ಮೇಲೆ ಎದುರಂಗಡಿಯ ಬೋರ್ಡು ಓದುವ ಪರೀಕ್ಷೆ. ನೆಂಟರೂ ಓದಿಸಿದರು, ನೆರೆಯವರೂ ಓದಿಸಿದರು. ಕಣ್ಣಿಗೆ ಬೂದಿ ಹಾರಿ ಉಜ್ಜಿಕೊಂಡರೂ ಊರಿಗೆ ಗಾಬರಿ. ಸಾಕಾಗಿ ಹೋಗಿತ್ತು.

ಅಂಥದರಲ್ಲಿ ಈಚೆಗೆ ಮೊಬೈಲಿನ ಅಕ್ಷರ ಮಸುಕಾಗತೊಡಗಿತು. ಹಳೆಯ ನಂಬರು ಮರಳಿತೇನೋ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ಮೊಬೈಲನ್ನು ದೂರ ಹಿಡಿಯುತ್ತ ಹೋದೆ. "ಕೈ ಸಾಲದಿದ್ರೆ ನಾನು ಆ ಕಡೆ ಹಿಡ್ಕೊಂಡು ನಿಂತ್ಕೊಳ್ಳಲಾ?" ಎಂದಳು ಹೆಂಡತಿ. ಆ ವಾರವೇ ಸರೋಜ ಮಗಳೊಂದಿಗೆ ಬಂದಳು. ಗುಳಿಗೆಯ ಪಟ್ಟಿ ಕೊಟ್ಟು, "ಅಣ್ಣ, ಇದರ ಡೇಟು ಮುಗಿದಿದೆಯಾ ನೋಡು" ಎಂದಳು. ನಾನು ಕೈ ಚಾಚಿದೆ, ಕತ್ತು ಹಿಂದೆ ಎಳೆದೆ, ಬಾಗಿಲ ಬೆಳಕಿಗೂ ಹೋದೆ.

"ಆಯ್ತು, ಬುಡ ಕೊಳೀತು," ಎಂದಳು ಸರೋಜ.

ರಮ್ಯಾ ಕನ್ನಡಕ ತೆಗೆದು ಒರೆಸಿದಳು. ಒರೆಸಬೇಕಾದದ್ದು ಕನ್ನಡಕವಷ್ಟೇ ಆಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಮರುದಿನವೇ ಇಬ್ಬರನ್ನೂ ಕರೆದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋದೆ.

ಡಾಕ್ಟರು ಯಂತ್ರದ ಮುಂದೆ ಗದ್ದ ಇಡಿಸಿ ನೋಡಿದರು. ಕಾರ್ನಿಯಾ ಚಿಕಿತ್ಸೆಯಾದಾಗ ಹೇಗಿತ್ತೋ ಹಾಗೇ ಇದೆ, ಉಬ್ಬಿಲ್ಲ, ಹಳೆಯ ನಂಬರೂ ಮರಳಿಲ್ಲ ಎಂದರು. ಅವರು ಮಲಯಾಳದಲ್ಲಿ ಹೇಳಿದ ಮಿಕ್ಕದ್ದನ್ನು ಕನ್ನಡಕ್ಕೆ ತಂದರೆ ಒಂದೇ ಮಾತು: ಚಾಳೀಸು. ಕಣ್ಣು ಗಟ್ಟಿ, ವಯಸ್ಸಾದದ್ದು ನನಗೆ.

"ಹಾಗಾದ್ರೆ ಇವಳಿಗೂ ಮಾಡಿಸಬಹುದಾ?" ಎಂದಳು ಸರೋಜ.

ಡಾಕ್ಟರು ನಕ್ಕು, ಅದನ್ನು ಇವಳ ಕಣ್ಣು ನೋಡಿ ಹೇಳಬೇಕು, ಮಾವನದು ನೋಡಿ ಏನು ಉಪಯೋಗ ಎಂದರು. ಇಷ್ಟು ಮಳೆಗಾಲ ನಾನು ನಿಂತದ್ದು ಯಾತಕ್ಕೆ ಎಂದು ಕೇಳಬೇಕೆನಿಸಿತು. ರಮ್ಯಾಳ ಕಾರ್ನಿಯಾ ಬೇಕಾದಷ್ಟು ದಪ್ಪವಿತ್ತು, ನಂಬರೂ ಬಹಳ ಕಾಲದಿಂದ ಬದಲಾಗಿರಲಿಲ್ಲ. ಚಿಕಿತ್ಸೆ ಸುಸೂತ್ರವಾಗಿ ಆಯಿತು.

ಈಗ ನನ್ನ ಕಣ್ಣನ್ನು ಯಾರೂ ಕೇಳುವುದಿಲ್ಲ. ಹಾಯಾಗಿರಬೇಕಿತ್ತು, ಏಕೋ ಹಾಗಿಲ್ಲ. ನಿನ್ನೆ ರಮ್ಯಾಳೊಂದಿಗೆ ಹೊಳೆದಡದಲ್ಲಿ ನಿಂತಿದ್ದಾಗ, ಯಾರೂ ಕೇಳದಿದ್ದರೂ, "ಆಚೆ ಇರೋದು ಕಪಿಲೆ ಹಸು," ಎಂದೆ.

ಅವಳು ಒಮ್ಮೆ ನೋಡಿ, "ಎತ್ತು, ಮಾವ," ಎಂದಳು.