ಅಳತೆ ಮಾಸ್ತರರ ಕೇಕು

ಎಲ್ಲರೂ ಕೇಕು ತಿಂದು ಬೆರಳು ನೆಕ್ಕಿಕೊಳ್ಳುವ ಹೊತ್ತಿಗೆ ಯಜಮಾನರ ಫೋನು ಬಂತು.

"ಮಾಸ್ತರೇ, ಬೇಕರಿಯಿಂದ ಕೇಕು ಬಂತಲ್ಲ? ನಾಲ್ಕು ಗಂಟೆಗೆ ಬೇಕರಿಯವ್ರೇ ಬರ್ತಾರೆ. ಅಷ್ಟ್ರಲ್ಲಿ ಮಾದರಿ ಪೆಟ್ಟಿಗೆ ರೆಡಿ ಇರ್ಲಿ. ಈ ಸಲಾನೂ ಅಳತೆ ತಪ್ಪಿದ್ರೆ ಸೀದಾ ರದ್ದಿ ಕೋಣೆಗೆ ನಡೀರಿ!"

ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಳತೆ ತೆಗೆಯುವುದು ಮಾಸ್ತರರ ಕೆಲಸ. ಹೋದ ತಿಂಗಳು ಅವರು ಅಳತೆ ಕೊಟ್ಟ ಸೋಪಿನ ಪೆಟ್ಟಿಗೆಯೊಳಗೆ ಸೋಪೇ ಹಿಡಿಸಿರಲಿಲ್ಲ. ರದ್ದಿ ಕೋಣೆಯೋ, ಕತ್ತರಿಸಿ ಉಳಿದ ಚೂರುಗಳನ್ನು ಯಂತ್ರದಲ್ಲಿ ಒತ್ತಿ ಮೂಟೆ ಕಟ್ಟುವ, ಕಿಟಕಿಯಿಲ್ಲದ ಗೂಡು.

"ಅಯ್ಯಯ್ಯೋ, ಅಳತೆಗೆ ಕಳಿಸಿದ ಕೇಕನ್ನೇ ತಿಂದ್ಬಿಟ್ವಲ್ರೀ! ಎಷ್ಟಗಲ ಇತ್ತು?" ಎಂದರು ಮಾಸ್ತರರು.

"ಒಂದು ಗೇಣು," ಎಂದಳು ಅಂಟು ಹಚ್ಚುವ ಅಕ್ಕ.

"ನೀನು ತಿಂದ ತುಂಡೇ ಒಂದು ಗೇಣಿತ್ತಲ್ಲಮ್ಮ!" ಎಂದ ರಟ್ಟು ಕತ್ತರಿಸುವ ಕಟಿಂಗ್ ಮಾಮ. "ಮಾಸ್ತರೇ, ಮೊದ್ಲು ಸಾಕ್ಷಿ ಇಲ್ದಂಗೆ ಮಾಡಿ."

ಮಾಸ್ತರರು ಕೇಕಿನ ಅಡಿಯಲ್ಲಿದ್ದ, ಕ್ರೀಮು ಮೆತ್ತಿದ ರಟ್ಟನ್ನು ಮಡಚಿ ರದ್ದಿ ಯಂತ್ರಕ್ಕೆ ತುರುಕಿದರು. ದಿನಕ್ಕೆ ಸಾವಿರ ರಟ್ಟು ನೋಡುವವರು ಅದೊಂದನ್ನು ತಿರುಗಿಸಿ ನೋಡುವುದುಂಟೇ? ಆಮೇಲೆ ಬೇಕರಿಗೆ ಓಡಿ, ಅಂಥದ್ದೇ ಇನ್ನೊಂದು ಕೇಕು ಕೊಂಡು, ಕೂಸಿನಂತೆ ಎದೆಗವಚಿಕೊಂಡು ಬಂದರು. ದಾರಿಯಲ್ಲಿ ಎದುರಾದವರೆಲ್ಲ "ಏನು ವಿಶೇಷ?" ಎಂದು ಕೇಳಿ ಜೀವ ತಿಂದರು. ಮೂರು ಸಲ ಅಳೆದು ಪೆಟ್ಟಿಗೆ ಮಾಡಿಸಿದರು. ಹೇಳಿ ಮಾಡಿಸಿದ ಹಾಗೆ ಕೂತಿತು.

ನಾಲ್ಕಕ್ಕೆ ಯಜಮಾನರ ಜೊತೆ ಬೇಕರಿಯವರು ಬಂದರು.

"ಕೇಕು ಹೇಗಿತ್ರೀ?" ಎಂದರು ಬೇಕರಿಯವರು.

"ಛೆ ಛೆ, ಮುಟ್ಟಿಲ್ಲ ಸಾರ್!" ಮಾಸ್ತರರು ಠೀವಿಯಿಂದ ಪೆಟ್ಟಿಗೆ ತೆರೆದು ತೋರಿಸಿದರು.

"ಅಯ್ಯೋ, ಅದು ನೀವೆಲ್ಲ ತಿನ್ಲಿ ಅಂತ ಕಳಿಸಿದ್ದು! ನಮಗೆ ಬೇಕಿರೋದು ರಸ್ಕಿನ ಪೆಟ್ಟಿಗೆ. ಕೇಕಿನ ಅಡಿ ರಟ್ಟಿನ ಹಿಂದೆ ಅಳತೆ ಬರೆದಿದ್ನಲ್ಲ? ರಟ್ಟಿನ ಕೆಲಸದೋರು, ರಟ್ಟು ನೋಡೇ ನೋಡ್ತೀರಿ ಅಂದ್ಕೊಂಡೆ." ಅವರು ಕೇಕನ್ನೆತ್ತಿ ಅಡಿ ನೋಡಿದರು. ಖಾಲಿ. "ಇದು ನಾನು ಕಳಿಸಿದ್ದಲ್ವಲ್ಲ!"

ಯಜಮಾನರು ರದ್ದಿ ಕೋಣೆಯತ್ತ ಬೆರಳು ತೋರಿಸಿದರು.

ಸಂಜೆ ಮಾಸ್ತರರು ಅಲ್ಲಿ ಮೂಟೆ ಬಿಚ್ಚಿ ಬಿಚ್ಚಿ ಆ ರಟ್ಟು ಹುಡುಕುತ್ತಿದ್ದರು. ಹೊರಗೆ ಎರಡನೇ ಕೇಕಿಗೂ ಚಾಕು ಬಿದ್ದಿತ್ತು.

"ಮಾಸ್ತರೇ, ನಿಮ್ಗೂ ಒಂದು ತುಂಡು ತರ್ಲಾ?" ಅಕ್ಕ ಕೂಗಿದಳು.

"ತಿನ್ನೋಕ್ಮುಂಚೆ ಅಡಿ ರಟ್ಟು ನೋಡ್ರೇ!" ಒಳಗಿನಿಂದ ಮಾಸ್ತರರು ಅರಚಿದರು.