ಗಂಡಿನ ಕಡೆಯವರಿಗೊಂದು ಗನ್ ಮೈಕು

ಎಲ್ಲ ಅನಾಹುತಕ್ಕೂ ಕಾರಣ ಗಂಡಿನ ತಂದೆ ಗುರುಸಿದ್ದಯ್ಯನವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಆಡಿದ ಒಂದು ಮಾತು: "ಮನೆಗೆ ಹೋಗಿ ಫೋನ್ ಮಾಡ್ತೀವಿ."

ಹೆಣ್ಣು ನೋಡಲು ಬಂದವರು ಹೇಳುವ ಈ ಮಾತಿಗೆ ಅರ್ಥ ಬಿಡಿಸಬಲ್ಲ ಪಂಡಿತ ಇನ್ನೂ ಹುಟ್ಟಿಲ್ಲ. ಒಪ್ಪಿದವರೂ ಇದನ್ನೇ ಹೇಳುತ್ತಾರೆ, ಒಪ್ಪದವರೂ ಇದನ್ನೇ ಹೇಳುತ್ತಾರೆ. ಅತ್ತಿಗುಪ್ಪೆಯ ನಾಗಭೂಷಣ್ ತನ್ನ ತಂಗಿ ಶಿವಾನಿಯ ವಿಷಯದಲ್ಲಿ ಈ ಮಾತನ್ನು ಈಗಾಗಲೇ ಆರು ಸಲ ಕೇಳಿದ್ದ. ಆರರಲ್ಲಿ ಒಂದು ಫೋನೂ ಬಂದಿರಲಿಲ್ಲ. ಪ್ರತಿ ಸಲವೂ ತಾಯಿ ಗಿರಿಜಾದೇವಿ ವಾರಗಟ್ಟಲೆ ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಸಾರು ಕುದಿಸಿದ್ದರು. ಈ ಸಲವಂತೂ ಶಿವಾನಿಗೆ ಹುಡುಗ ಹಿಡಿಸಿಬಿಟ್ಟಿದ್ದ. ಮೂವತ್ತೊಂದರ ಹುಡುಗಿ, ಸುಲಭಕ್ಕೆ ಯಾರನ್ನೂ ಹೊಗಳದವಳು, ಕಾಫಿ ಲೋಟ ಎತ್ತುವಾಗ ಅಣ್ಣನ ಕಿವಿಯಲ್ಲಿ "ಪರವಾಗಿಲ್ಲ ಕಣೋ" ಎಂದಿದ್ದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಇನ್ನೊಮ್ಮೆ ಫೋನಿಗಾಗಿ ಕಾಯುವ ಶಕ್ತಿ ನಾಗಭೂಷಣನಿಗಿರಲಿಲ್ಲ. ಕಿಟಕಿಯಲ್ಲಿ ಇಣುಕಿ ನೋಡಿದ. ಗಂಡಿನ ಕಡೆಯವರು ಕಾರು ಹತ್ತದೆ ಬೀದಿಯ ತುದಿಯ ಹೊಂಗೆಮರದ ಕೆಳಗೆ ಗುಂಪಾಗಿ ನಿಂತಿದ್ದರು. ಅಲ್ಲೇ ತೀರ್ಮಾನ ನಡೆಯುತ್ತಿದೆ!

ನಾಗಭೂಷಣನ ಕೆಲಸ ಧಾರಾವಾಹಿಗಳ ಸೆಟ್ಟಿನಲ್ಲಿ ಮೈಕು ಹಿಡಿಯುವುದು. ಭಾನುವಾರ ಶೂಟಿಂಗ್ ಇಲ್ಲದ್ದರಿಂದ ಗನ್ ಮೈಕು ಮನೆಯಲ್ಲೇ ಇತ್ತು. ಮೊಳದುದ್ದದ ಕೊಳವೆ, ಗಾಳಿಯ ಸದ್ದು ತಡೆಯಲು ಅದರ ಮೇಲೊಂದು ತುಪ್ಪಳದ ಚೀಲ. ಎತ್ತ ಗುರಿ ಹಿಡಿದರೆ ಅತ್ತಲಿನ ಮಾತನ್ನು ಅಷ್ಟು ದೂರದಿಂದ ಹೆಕ್ಕಿ ಕಿವಿಗೆ ತರುತ್ತದೆ. ಕದ್ದು ಕೇಳುವುದಕ್ಕೆ ಅವನಿಗೆ ನಾಚಿಕೆಯಾಗದೆ ಇರಲಿಲ್ಲ. ಆದರೂ ತಂಗಿಗೋಸ್ಕರ ಒಂದೇ ಒಂದು ಸಲ ಎಂದುಕೊಂಡು ಮೆಟ್ಟಿಲು ಹಾರಿ ಟೆರೇಸಿಗೆ ಹೋದ.

ನೀರಿನ ಟ್ಯಾಂಕಿನ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಡ್‌ಫೋನ್ ಏರಿಸಿದ. ಎಲೆಗಳ ಸಂದಿನಲ್ಲಿ ಗುರುಸಿದ್ದಯ್ಯನವರ ಬಿಳಿ ಜುಬ್ಬಾ ಮಾತ್ರ ಕಾಣುತ್ತಿತ್ತು. ಮೊದಲು ಯಾರದೋ ಮನೆಯ ಕುಕ್ಕರ್ ಕೂಗಿತು. ಆಮೇಲೆ ಮೆಟ್ರೊ ಹಾದುಹೋಯಿತು. ಅದು ಹೋದದ್ದೇ ಗುರುಸಿದ್ದಯ್ಯನವರ ದನಿ ಸ್ಪಷ್ಟವಾಗಿ ಬಂತು.

"ಬೇಡ ಬೇಡ, ಬಲಿತೋಗಿದೆ."

ನಾಗಭೂಷಣ್ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ನೋಡೋಕೆ ಚೆನ್ನಾಗೇ ಇದೆಯಲ್ರೀ," ಇದು ಅವರ ಹೆಂಡತಿಯ ದನಿ.

"ಮೇಲ್ಗಡೆ ನೋಡಿ ಮೋಸ ಹೋಗ್ಬಾರ್ದು ಕಣೇ. ಮದ್ದೂರಿಂದು ಇದೆಯಂತೆ, ಎಳೇದು. ಅದನ್ನೇ ನೋಡೋಣ."

ಹೆಣ್ಣು ಚೆನ್ನಾಗಿದೆ, ಹೆಣ್ಣು ಕುಳ್ಳಗಿದೆ ಎಂದು ಬದುಕಿರುವ ಹುಡುಗಿಯನ್ನೇ 'ಅದು' ಮಾಡಿಬಿಡುವುದು ನಮ್ಮ ಜನರ ರೂಢಿ. ಹಾಗಾಗಿ ನಾಗಭೂಷಣನಿಗೆ ಬೇರೆ ಅನುಮಾನವೇ ಬರಲಿಲ್ಲ.

ಎದುರು ಟೆರೇಸಿನಲ್ಲಿ ಸಂಡಿಗೆ ಒಣಹಾಕುತ್ತಿದ್ದ ರಾಮಕ್ಕ ಸೊಂಟ ನೆಟ್ಟಗೆ ಮಾಡಿದರು.

"ಅದೇನೋ ನಾಗು, ಕೋಲಿಗೆ ಬೆಕ್ಕು ಸಿಗಿಸ್ಕೊಂಡು ಕೂತಿದೀಯಾ?"

"ಶ್! ಮೈಕು ರಾಮಕ್ಕ. ಗಂಡಿನ ಕಡೆಯೋರ ಮಾತು ಕೇಳ್ತಾ ಇದೀನಿ."

"ಹೌದಾ! ಏನಂತಾರೆ?"

"ಬಲಿತೋಗಿದಾಳಂತೆ. ಮದ್ದೂರಲ್ಲಿ ಎಳೇ ಹುಡುಗಿ ಇದಾಳಂತೆ."

"ಅಯ್ಯೋ ಅವರ ಬಾಯಿಗೆ ಮಣ್ಣಾಕ! ಗಿರಿಜಮ್ಮಾ, ಕೇಳಿಸ್ತೇನ್ರೀ?" ರಾಮಕ್ಕ ಪ್ಯಾರಾಪೆಟ್ಟಿಗೆ ಬಾಗಿ ಕೂಗಿದರು. ಅವರಿಗೆ ಯಾವ ಮೈಕೂ ಬೇಕಿರಲಿಲ್ಲ.

ಗಿರಿಜಾದೇವಿ ಅಂಗಳಕ್ಕೆ ಬಂದು, ವಿಷಯ ತಿಳಿದು, ತುಳಸಿಕಟ್ಟೆ ಹಿಡಿದು ಕೂತುಬಿಟ್ಟರು. ಅಮ್ಮನ ಕಣ್ಣಲ್ಲಿ ನೀರು ಕಂಡದ್ದೇ ನಾಗಭೂಷಣನ ಪಿತ್ತ ನೆತ್ತಿಗೇರಿತು. "ಸುಮ್ನೆ ಬಿಡ್ತೀಯೇನೋ? ಅಣ್ಣ ಅಂತ ಇದೀಯಲ್ಲ!" ಎಂದು ರಾಮಕ್ಕ ಬೇರೆ ಒಗ್ಗರಣೆ ಹಾಕಿದರು. ಮೈಕನ್ನು ಹಿಡಿದುಕೊಂಡೇ ಅವನು ಬೀದಿಗೆ ಓಡಿದ.

"ಏನ್ ಸಾರ್ ನೀವು!" ಇಪ್ಪತ್ತು ಹೆಜ್ಜೆ ದೂರದಿಂದಲೇ ಶುರುಮಾಡಿದ. "ನಮ್ಮನೆ ಕೇಸರಿಬಾತು ತಿಂದು ನಮ್ಮ ಹುಡುಗೀನೇ ಬಲಿತೋಗಿದಾಳೆ ಅಂತೀರಾ? ಮೂವತ್ತೊಂದಕ್ಕೆಲ್ಲ ಮುದುಕಿ ಆಗ್ಬಿಟ್ಟಳಾ? ಹೋಗಿ, ಮದ್ದೂರಿನ ಎಳೇದನ್ನೇ ಮಾಡ್ಕೊಳ್ಳಿ!"

ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಗುರುಸಿದ್ದಯ್ಯನವರು ಬಾಯಲ್ಲಿದ್ದ ಸ್ಟ್ರಾ ತೆಗೆಯುವುದನ್ನೂ ಮರೆತು ನಿಂತಿದ್ದರು. ಮರದ ಹಿಂದಿನ ಗಾಡಿಯಿಂದ ಎಳನೀರಿನ ಅಂಜಿನಯ್ಯ ಮಚ್ಚು ಹಿಡಿದು ಇಣುಕಿದ.

"ಅಣ್ಣ, ಬಲಿತಿರೋದು ಕಾಯಿ ಅಣ್ಣ. ಮದ್ದೂರ್ ಲೋಡು ಈಗ್ತಾನೆ ಇಳೀತು. ನಿಮಗೂ ಒಂದು ಕೆತ್ಲಾ?"

ಗುರುಸಿದ್ದಯ್ಯನವರ ಕೈಯಲ್ಲಿದ್ದ ಎಳನೀರನ್ನು ನಾಗಭೂಷಣ್ ಆಗ ನೋಡಿದ. ಅಷ್ಟರಲ್ಲಿ ಗೇಟಿನ ತನಕ ಬಂದಿದ್ದ ಶಿವಾನಿ, ಕೂಗಾಡದೆ, ಮೆಲ್ಲಗೆ ಹೇಳಿದಳು: "ಅಣ್ಣಾ, ನಾನು ಬಲಿತೋಗಿದೀನಿ ಅಂತ ಇಡೀ ಬೀದೀಲಿ ಹೇಳಿದೋನು ನೀನೊಬ್ಬನೇ ಕಣೋ." ಹೇಳಿ ಒಳಗೆ ಹೋದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮೆಲುದನಿಗೆ ಅವನ ಮುಖ ಕಿವಿಯ ತನಕ ಬಿಸಿಯಾಯಿತು. ಅವಳು ಹೇಳಿದ್ದು ನಿಜ. ಯಾರೂ ಆಡದ ಮಾತನ್ನು ಅವನು ಹುಡುಕಿಕೊಂಡು ಹೋಗಿ, ಅವಳ ಹೆಸರಿಗೆ ಅಂಟಿಸಿ, ಬೀದಿಗೆಲ್ಲ ಹಂಚಿದ್ದ. ಕೈಲಿದ್ದ ಮೈಕನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ಅದು ಹೆಗಲ ಮೇಲೆ ಬಾಲದಂತೆ ಎದ್ದು ನಿಂತಿತು. ಜನ್ಮದಲ್ಲಿ ಇನ್ನು ಕದ್ದು ಕೇಳಲಾರೆ ಎಂದು ನಿಂತಲ್ಲೇ ಆಣೆ ಇಟ್ಟುಕೊಂಡ.

"ಸಾರ್, ದೊಡ್ಡ ತಪ್ಪಾಯ್ತು," ಎಂದು ಕೈ ಮುಗಿದ.

ಗುರುಸಿದ್ದಯ್ಯನವರು ಹೆಂಡತಿ ಮಗನನ್ನು ಕಾರಿಗೆ ಕಳಿಸಿ, ಅವನ ತೋಳು ಹಿಡಿದು ಮರದ ಆಚೆ ಕರೆದುಕೊಂಡು ಹೋದರು. ಕಪಾಳಕ್ಕೆ ಬೀಳುವುದು ಖಂಡಿತ ಎಂದು ನಾಗಭೂಷಣ್ ಕಣ್ಣು ಮುಚ್ಚಿಕೊಂಡ.

"ಇದು ಎಷ್ಟು ದೂರದ ತನಕ ಕೇಳ್ಸುತ್ತೆ?" ಎಂದರು ಅವರು.

"ಆಂ? ಗದ್ದಲ ಇಲ್ದಿದ್ರೆ ಬೀದಿ ತುದಿ ತನಕ, ಸಾರ್."

ಗುರುಸಿದ್ದಯ್ಯನವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಬರೋ ಭಾನುವಾರ ನನ್ನ ಮಗಳನ್ನ ನೋಡೋಕೆ ಕೆಂಗೇರಿಗೆ ಬರ್ತಾ ಇದಾರೆ. ನೀವು ಬೆಳಿಗ್ಗೇನೇ ಬಂದು ನಮ್ಮ ಟೆರೇಸ್ ಮೇಲೆ ಕೂತ್ಕೊಂಡ್ಬಿಡಿ. ಭಯ ಬೇಡ, ನಮ್ಮ ಬೀದೀಲಿ ಎಳನೀರು ಗಾಡಿ ಇಲ್ಲ."

"ಅಯ್ಯೋ ಸಾರ್, ಈಗಷ್ಟೇ ಆಣೆ... ಅಲ್ಲ, ನಮ್ಮ ಶಿವಾನಿ ವಿಷ್ಯ ಏನಾಯ್ತು?"

"ನೋಡಿ ತಮ್ಮಾ, ಮಗಳದ್ದು ಗೊತ್ತಾಗ್ದೆ ಮಗನದ್ದು ಹೆಂಗೆ ಹೇಳ್ಲಿ?" ಗುರುಸಿದ್ದಯ್ಯನವರು ಅವನ ಭುಜ ತಟ್ಟಿದರು. "ಅವರು ಏನಂದ್ರು ಅಂತ ನೀವು ಹೇಳಿ. ನಾವು ಏನಂತೀವಿ ಅಂತ ಆಮೇಲೆ ಹೇಳ್ತೀನಿ."